ಬಿಳಿ ಬಟ್ಟೆ

ದನದಾಸ್ಪತ್ರೆಯ ಡಾಕ್ಟರಮ್ಮ ದಿಂಬಿನ ಬಿಳಿ ಚೀಲವನ್ನು ಕೋಳಿಗೂಡಿನ ಅಡ್ಡಗೋಲಿನ ಕೆಳಗೆ ಒತ್ತಿ ಎಳೆದು ಹೊರಗೆ ತೆಗೆದರು. ಬಟ್ಟೆಯ ಉದ್ದಕ್ಕೂ ರಕ್ತದ ಗೀರುಗಳಿದ್ದವು.

“ಇದು ಹೇನಲ್ಲ, ಕೆಂಪು ನುಸಿ,” ಎಂದರು. “ಹೇನಾದ್ರೆ ಕೋಳಿ ಮೈಮೇಲೇ ಸಂಸಾರ ಮಾಡುತ್ತೆ. ಇವು ಹಗಲೆಲ್ಲ ಮರದ ಸಂದೀಲಿ ಮಲಗಿದ್ದು, ಕತ್ತಲಾದ್ಮೇಲೆ ಬಂದು ರಕ್ತ ಕುಡಿದು ಹೋಗ್ತವೆ. ನೀವು ಕೋಳಿಗೆ ಎಷ್ಟು ಹೇನಿನ ಪುಡಿ ಹಾಕಿದ್ರೂ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗೇ.”

ಬಡಗಿಯ ಹೆಂಡತಿ ಗೂಡಿನೊಳಗೆ ಬಗ್ಗಿ ನೋಡಿದಳು. ಮೊದಲು ಬಿಳಿ ಕೋಳಿ ಸತ್ತಿತ್ತು, ಅದರ ಹಿಂದೆಯೇ ಕರಿ ಕೋಳಿ. ಉಳಿದದ್ದು ಕಂದು ಕೋಳಿಯೊಂದೇ, ಅದೂ ಕಾವಿಗೆ ಕೂತಿತ್ತು. ದಾಸವಾಳದಂತಿದ್ದ ಅದರ ಜುಟ್ಟು ಈಗ ಬಿಳಚಿಕೊಂಡಿತ್ತು. ಎತ್ತಿದರೆ ಕೈಗೆ ತೂಕವೇ ತಿಳಿಯುತ್ತಿರಲಿಲ್ಲ. ಕೆಳಗೆ ಬಿಟ್ಟರೆ ಮಾತ್ರ ತೂರಾಡಿಕೊಂಡಾದರೂ ಹೋಗಿ ಮೊಟ್ಟೆಗಳ ಮೇಲೆ ರೆಕ್ಕೆ ಹರಡುತ್ತಿತ್ತು.

“ಸಂದಿಗೆ ಕುದಿಯೋ ನೀರು ಹಾಕಲಿಲ್ವಾ?”

“ಬಿಸಿನೀರು ಬಿದ್ರೆ ಮರ ಸೊಟ್ಟಗಾಗುತ್ತೆ ಡಾಕ್ಟರಮ್ಮ,” ಎಂದ ಬಡಗಿ. “ಅದಕ್ಕೇ ಮರದ ಪುಡಿಗೆ ಅಂಟು ಕಲಸಿ ಹೊರಗಿನ ಸಂದಿಯೆಲ್ಲ ಮುಚ್ಚಿದೆ. ಉಜ್ಜಿ ಪಾಲಿಶೂ ಮಾಡಿದೆ.”

ಡಾಕ್ಟರಮ್ಮನಿಗೆ ನಗು ಬಂತು. “ಚೆನ್ನಾಯ್ತು! ಕಳ್ಳರನ್ನ ಒಳಗೆ ಬಿಟ್ಟು ಹೊರಗಿಂದ ಬೀಗ ಹಾಕಿದ್ರಿ. ಕೋಳಿನೂ ಒಳಗೇ ಇದೆಯಲ್ಲಪ್ಪ. ಇವತ್ತೇ ಕೋಳೀನೂ ಮೊಟ್ಟೆನೂ ಬೇರೆ ಕಡೆ ಇಟ್ಟು ಇದನ್ನ ಸುಟ್ಟುಬಿಡಿ. ಹೊಸ ಗೂಡಿಗೂ ವಾರಕ್ಕೊಂದು ಸಲ ಹೀಗೇ ಬಿಳಿ ಬಟ್ಟೆ ಎಳೆದು ನೋಡ್ತಿರಿ. ಹೋದ್ರೆ ನಾಲ್ಕು ಹಲಗೆ, ಬಡಗಿಗೆ ಅದೇನು ಮಹಾ?”

ಅದು ನಾಲ್ಕು ಹಲಗೆಯಲ್ಲ, ತೊಟ್ಟಿಲು ಎಂಬುದು ಆಕೆಗೆ ತಿಳಿಯದು. ಮೇಲೊಂದು ತಗಡು, ಮುಂದೊಂದು ಜಾಲರಿ ಬಂದ ಮೇಲೆ ಯಾರಿಗೂ ತಿಳಿಯುತ್ತಿರಲಿಲ್ಲ. ಮಗುವಿಗೆ ತಾಗೀತೆಂದು ಒಂದು ಮೊಳೆಯನ್ನೂ ಹೊಡೆಯದೆ, ಮರಕ್ಕೆ ಮರ ಕಚ್ಚಿಸಿ ಅವನು ಮಾಡಿದ್ದು. ಮಗು ಆಸ್ಪತ್ರೆಯಿಂದ ಮನೆಗೆ ಬರಲೇ ಇಲ್ಲ. ತೊಟ್ಟಿಲನ್ನು ಮಾರಲು ಅವನಿಗೆ ಮನಸ್ಸು ಬರಲಿಲ್ಲ, ಕೋಣೆಯಲ್ಲಿ ಕಣ್ಣೆದುರು ಇಟ್ಟುಕೊಳ್ಳಲು ಅವಳಿಂದ ಆಗಲಿಲ್ಲ. ಹೀಗೆ ಅದು ಹಿತ್ತಲಿಗೆ ಬಂತು. ಖಾಲಿ ಇರಬಾರದೆಂದು ಅವಳೇ ಕೋಳಿಗಳನ್ನು ತಂದಳು. ಆಮೇಲೆ ಗಂಡಹೆಂಡಿರು ಮಗುವಿನ ಮಾತೆತ್ತಲಿಲ್ಲ, ಕೋಳಿಗಳ ಮಾತನ್ನಷ್ಟೇ ಆಡಿದರು.

ಡಾಕ್ಟರಮ್ಮ ಹೋದ ಮೇಲೆ ಬಡಗಿ ಗೂಡಿನ ಮುಂದೆ ಕುಕ್ಕರಿಸಿದ. “ಸುಡೋದು ಬೇಡ. ಒಂದೊಂದೇ ಬಿಚ್ಚಿ, ಕೆರೆದು, ಬಿಸಿಲಿಗೆ ಹಾಕ್ತೀನಿ. ಮತ್ತೆ ಕೂಡಿಸಿ ಇದನ್ನೇ ಇಡೋಣ.”

“ಒಂದು ನುಸಿ ಉಳಿದ್ರೂ ಮತ್ತೆ ಶುರುವಾಗುತ್ತೆ. ಇವಳು ತಡೀತಾಳಾ ರೀ?”

“ಕೋಳಿ ಹೋದ್ರೆ ಇನ್ನೊಂದು ತರಬಹುದು ಕಣೇ.”

ಅವಳು ಕೋಳಿಯ ಬಿಳಿ ಜುಟ್ಟನ್ನು ಬೆರಳಿನಿಂದ ಸವರುತ್ತಿದ್ದವಳು ಹಾಗೇ ನಿಂತಳು. “ನಂಗೂ ಎಲ್ರೂ ಹಾಗೇ ಹೇಳಿದ್ರು. ಹೋದ್ರೆ ಹೋಯ್ತು, ಇನ್ನೊಂದು ಆಗುತ್ತೆ ಅಂತ.”

ಬಡಗಿಗೆ ಮುಖ ಎತ್ತಲಾಗಲಿಲ್ಲ. ಆಡಿದ ಮಾತನ್ನು ನುಂಗಿಕೊಳ್ಳುವ ಹಾಗಿದ್ದರೆ ಆಗಲೇ ನುಂಗಿಬಿಡುತ್ತಿದ್ದ. ಎದ್ದು ಹೋಗಿ ಉಳಿ, ಕೊಡತಿ ತಂದ. ಅವಳು ಕೋಳಿಯನ್ನೂ ಮೊಟ್ಟೆಗಳನ್ನೂ ಹೊಸ ಹುಲ್ಲು ಹಾಸಿದ ಕಬ್ಬಿಣದ ಬುಟ್ಟಿಗೆ ಸಾಗಿಸಿ, ಕೋಳಿಯ ರೆಕ್ಕೆಯ ಸಂದಿಗೆಲ್ಲ ಪುಡಿ ಹಚ್ಚಿದಳು. ಅವನು ತೊಟ್ಟಿಲಿನ ಮೊದಲ ಕಾಲನ್ನು ತಟ್ಟಿ ಎಳೆದ. ಕೀಲಿನ ತೂತಿನಲ್ಲಿ ಬೂದಿ ತುಂಬಿದಂತಿತ್ತು. ನೋಡುತ್ತಿದ್ದಂತೆ ಆ ಬೂದಿ ಹರಿದಾಡತೊಡಗಿತು. ಅವನು ಇನ್ನೊಂದು ಕೀಲನ್ನು ಬಿಚ್ಚಿ ನೋಡಲಿಲ್ಲ. ಎಲ್ಲವನ್ನೂ ಒಟ್ಟಿ, ದಿಂಬಿನ ಚೀಲವನ್ನೂ ಮೇಲೆ ಹಾಕಿ, ತಾನೇ ಬೆಂಕಿ ಇಟ್ಟ. ಒಣಗಿದ ಮರ, ಬೇಗ ಹತ್ತಿಕೊಂಡಿತು. ಆಸ್ಪತ್ರೆಯಲ್ಲಿ ಅಳದಿದ್ದ ಮನುಷ್ಯ ಅವತ್ತು ಹಿತ್ತಲಲ್ಲಿ ನಿಂತು ಮಗುವಿನ ಹಾಗೆ ಅತ್ತ. ಅವಳು ಬಂದು ಅವನ ಪಕ್ಕ ನಿಂತಳು, ಬೂದಿ ಆರುವವರೆಗೂ ಇಬ್ಬರೂ ಒಳಗೆ ಹೋಗಲಿಲ್ಲ.

ಹೊಸ ಗೂಡಿನಲ್ಲಿ ಅವನು ಯಾವ ಕುಶಲತೆಯನ್ನೂ ತೋರಿಸಲಿಲ್ಲ. ಅಡ್ಡಗೋಲು ಬೇಕೆಂದಾಗ ಕೈಗೆ ಬರುವಂತಿತ್ತು, ಹಲಗೆಗಳನ್ನು ಕಳಚಿ ತೊಳೆಯಬಹುದಿತ್ತು, ಮೈತುಂಬ ಸುಣ್ಣ ಬಳಿದಿತ್ತು. ಪಕ್ಕದಲ್ಲಿ ಕೋಳಿ ಹೊರಳಾಡಲು ಮರಳೂ ಬೂದಿಯೂ ತುಂಬಿದ ಗುಂಡಿ. ಮೊಟ್ಟೆಗಳಲ್ಲಿ ಕೆಲವು ಕೆಟ್ಟವು, ಕೆಲವು ಒಡೆದು ಮರಿಗಳಾದವು. ಕಂದು ಕೋಳಿಯ ಜುಟ್ಟಿಗೆ ನಿಧಾನವಾಗಿ ಬಣ್ಣ ಬಂತು.

ಒಂದು ಬೆಳಿಗ್ಗೆ ಅವಳು ಪೆಟ್ಟಿಗೆಯ ತಳದಿಂದ ಒಂದು ಪುಟ್ಟ ಬಿಳಿ ಅಂಗಿಯನ್ನು ತೆಗೆದುಕೊಂಡು ಹಿತ್ತಲಿಗೆ ಬಂದಳು. ಅದರ ಮಡಿಕೆಯನ್ನು ಯಾರೂ ಬಿಚ್ಚಿರಲಿಲ್ಲ. ಬಡಗಿ ಕೈಯಲ್ಲಿದ್ದ ಕೆಲಸ ಬಿಟ್ಟು ನೋಡಿದ.

“ಅದ್ಯಾಕೆ ತಂದೆ?”

“ಬಿಳಿ ಬಟ್ಟೆ ಬೇಕಲ್ಲ. ಮನೇಲಿ ಉಳಿದಿರೋದು ಇದೊಂದೇ.”

ಅವಳು ಅಂಗಿಯನ್ನು ಅಡ್ಡಗೋಲಿನ ಕೆಳಗೆ ಒತ್ತಿ, ಈ ತುದಿಯಿಂದ ಆ ತುದಿಗೆ ಎಳೆದು, ಬಿಸಿಲಿಗೆ ಹಿಡಿದಳು. ಒಂದಿಷ್ಟು ಸುಣ್ಣದ ಪುಡಿ ಬಿಟ್ಟರೆ ಏನೂ ಇರಲಿಲ್ಲ.

“ಕೊಡು, ಮಡಚಿ ಒಳಗಿಡ್ತೀನಿ,” ಎಂದು ಅವನು ಕೈ ಚಾಚಿದ.

“ಕೋಳಿಗೂಡು ಒರೆಸಿದ್ದನ್ನ ಪೆಟ್ಟಿಗೇಲಿ ಇಡ್ತಾರೇನ್ರೀ? ಒಗೆದು ಹಾಕ್ತೀನಿ ಬಿಡಿ.”

ಅವತ್ತು ಹಿತ್ತಲ ಹಗ್ಗದ ಮೇಲೆ, ಅವರಿಬ್ಬರ ಬಟ್ಟೆಗಳ ನಡುವೆ, ಮೊದಲ ಸಲ ಮಗುವಿನ ಅಂಗಿಯೊಂದು ಒಣಗುತ್ತಿತ್ತು.