ಕಾಶಿಯಲ್ಲಿ ಬಿಟ್ಟ ಹಣ್ಣು

ಅಮ್ಮನ ದೃಷ್ಟಿ ಮಂಜಾಗುತ್ತಿದೆ ಎಂದು ಕಣ್ಣಿನ ಡಾಕ್ಟರು ಹೇಳಿದಾಗಿನಿಂದ ನನಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. "ಹಳದಿ, ಕೇಸರಿ ಬಣ್ಣದ ಹಣ್ಣು, ತರಕಾರಿ ಚೆನ್ನಾಗಿ ತಿನ್ನಿಸಿ" ಎಂದಿದ್ದರು. ಮಾವಿನಹಣ್ಣು ಹೆಚ್ಚಿ ಅಮ್ಮನ ಮುಂದಿಟ್ಟೆ. ಅಮ್ಮ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

"ಮಾವು ತಿನ್ನೋದನ್ನ ಕಾಶಿಯಲ್ಲಿ ಬಿಟ್ಟು ಬಂದಿದ್ದೀನಿ, ಗೊತ್ತಿಲ್ವೇನೇ?"

ಗೊತ್ತಿಲ್ಲದೆ ಏನು? ನಾವೆಲ್ಲ ಹುಟ್ಟುವ ಮುಂಚಿನ ಹರಕೆ ಅದು. ಅಪ್ಪ ತರುತ್ತಿದ್ದ ನಾಲ್ಕಾರು ಹಣ್ಣಿಗೆ ನಾವು ಮಕ್ಕಳು ಕಿತ್ತಾಡುವಾಗ, ಅಮ್ಮನಿಗೆ ಪಾಲು ಎತ್ತಿಡುವ ಗೋಜೇ ಇರಲಿಲ್ಲ.

"ಹಳದಿ ಮಂಗಳಕರ ಅಂತ ಇದೇ ಹಣ್ಣನ್ನ ಬಾಗಿನದಲ್ಲಿಟ್ಟು ಊರಿಗೆಲ್ಲ ಹಂಚ್ತೀಯ. ನಿನ್ನ ಕಣ್ಣೇ ಹೋದ್ರೆ ಯಾವ ಮಂಗಳ?"

"ದೇವರಿಗೆ ಕೊಟ್ಟ ಮಾತು ಕಣೇ."

ನನಗೆ ತಡೆಯಲಾಗಲಿಲ್ಲ. ಫೋನ್ ತೆಗೆದೆ.

"ಈಗಲೇ ರೈಲಿಗೆ ಟಿಕೆಟ್ ಮಾಡಿಸ್ತೀನಿ. ಕಾಶಿಗೇ ಹೋಗಿ, ತಪ್ಪುಕಾಣಿಕೆ ಹಾಕಿ, ಬಿಟ್ಟಿದ್ದನ್ನ ವಾಪಸ್ ಕೇಳ್ಕೊಂಡು ಬರೋಣ. ಯಾವ ಘಾಟ್‌ನಲ್ಲಿ ಬಿಟ್ಟಿದ್ದು, ಹೇಳು."

ಅಮ್ಮ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡು ಒಂದು ಹೋಳು ಬಾಯಿಗಿಟ್ಟಳು.

"ಟಿಕೆಟ್ ಬೇಡ ಬಿಡೇ. ಕಾಶಿ ಯಾವ ದಿಕ್ಕಿಗಿದೆ ಅಂತಾನೂ ನಂಗೆ ಗೊತ್ತಿಲ್ಲ."