ಬೆಳೆಯೋ ಮೈಗೆ ಎರಡು ಬೆರಳು

ಮೈಗೆ ತೊಡಿಸಿದ್ದ ಬೆಲ್ಟು ಅಕ್ಕನ ಕೈಯಲ್ಲೇ ಉಳಿಯಿತು, ಬೆಕ್ಕು ಹಿಂದಕ್ಕೆ ಜಾರಿ ಆಚೆ ಬಂತು. ಮನೆಯೊಳಗೇ ಬೆಳೆದು, ಕಿಟಕಿಯ ಸರಳಿಗೆ ಮೂಗು ಒತ್ತಿಯೇ ದಪ್ಪಗಾದ ಗುಂಡ ಅವತ್ತು ಮೊದಲ ಸಲ ಅಪಾರ್ಟ್‌ಮೆಂಟಿನ ಅಂಗಳಕ್ಕೆ ಇಳಿದಿತ್ತು. ಇನ್ನೂ ಹುಲ್ಲಿನ ವಾಸನೆ ನೋಡುತ್ತಿತ್ತು, ಅಷ್ಟರಲ್ಲಿ ನೀರಿನ ಟ್ಯಾಂಕರ್ ಗೇಟಿನಲ್ಲಿ ಅರ್ಧ ಒಳಗೆ ಬಂದು ಬುಸ್ಸೆಂದು ಬ್ರೇಕ್ ಹಾಕಿತು. ಗುಂಡ ಬೆಚ್ಚಿ ಹಿಂದೆ ಹಿಂದೆ ಎಳೆದುಕೊಂಡಿತು. ಎದೆಯ ಪಟ್ಟಿ ಕುತ್ತಿಗೆಗೆ ಬಂತು, ಕುತ್ತಿಗೆಯದು ಕಿವಿಗೆ ಬಂತು, ಕೊನೆಗೆ ಮಕ್ಕಳು ಸ್ವೆಟರ್ ಕಳಚಿದ ಹಾಗೆ ಎಲ್ಲಾ ಕಳಚಿ ಅಕ್ಕನ ಕೈಯಲ್ಲಿ ಜೋತಾಡಿತು.

ಅದನ್ನು ಹೊಲಿದ ತಮ್ಮ ಪಕ್ಕದಲ್ಲೇ ನಿಂತಿದ್ದ. ಶಾಲೆಯ ಯೂನಿಫಾರ್ಮ್ ಹೊಲಿಯುವ ಟೈಲರ್. ಆ ಬೆಲ್ಟಿನ ಬಗ್ಗೆ ಅವನು ಹೊಲಿದು ಕೊಟ್ಟ ದಿನದಿಂದ ಕೊಚ್ಚಿಕೊಂಡಿದ್ದು ಅಷ್ಟಿಷ್ಟಲ್ಲ. ಸ್ಕೂಲ್ ಬ್ಯಾಗಿನ ಪಟ್ಟಿಯಂತೆ, ಒಳಗೆ ಮೆತ್ತನೆ ಬಟ್ಟೆಯಂತೆ, ಆನೆ ಎಳೆದರೂ ಬಿಚ್ಚುವುದಿಲ್ಲವಂತೆ. ಬಿಚ್ಚಲಿಲ್ಲ, ನಿಜ. ಒಂದು ಹೊಲಿಗೆಯೂ ಹೋಗಿರಲಿಲ್ಲ.

"ಲೂಸ್ ಇಟ್ಟಿದ್ದೀಯೇನೋ?" ಅಕ್ಕ ಮೆಲ್ಲಗೆ ಕೇಳಿದಳು. ಕಣ್ಣು ಬೆಕ್ಕಿನ ಮೇಲೇ ಇತ್ತು.

"ಎರಡು ಬೆರಳು ಅಷ್ಟೇ. ಬೆಳೆಯೋ ಮೈ ಅಲ್ವಾ ಅಂತ..."

"ಏಳು ವರ್ಷ ಆಯ್ತು ಕಣೋ ಅವನಿಗೆ. ಇನ್ನೆಲ್ಲಿ ಬೆಳೀತಾನೆ?"

ಮಕ್ಕಳಿಗೆ ಹೊಲಿದು ಹೊಲಿದು ಕೈಗೆ ಅಂಟಿದ ರೂಢಿ ಅದು. ಮುಂದಿನ ವರ್ಷಕ್ಕೂ ಆಗಲಿ ಎಂದು ತಾಯಂದಿರು ಹೇಳುವ ಮೊದಲೇ ಅವನ ಟೇಪು ಎರಡು ಬೆರಳು ಮುಂದೆ ಹೋಗಿರುತ್ತದೆ. ಮೈ ತುಂಬ ಕೂದಲಿರುವ ಪ್ರಾಣಿ, ಕೂದಲಿನ ಮೇಲೇ ಅಳತೆ ತೆಗೆದಿದ್ದಾನೆ, ಸಾಲದ್ದಕ್ಕೆ ಈ ಧಾರಾಳ ಬೇರೆ.

ಗುಂಡ ಗೇಟಿನ ಕಂಬಕ್ಕೂ ಟ್ಯಾಂಕರಿನ ಚಕ್ರಕ್ಕೂ ನಡುವೆ ಹೊಟ್ಟೆ ನೆಲಕ್ಕೆ ಹಚ್ಚಿ ಕೂತಿತ್ತು. ಅದರ ಮುಂದೆ ತೆರೆದ ರಸ್ತೆ. ಬಸ್ಸು ಅಂದರೇನೆಂದು ಅದು ಮೂರನೇ ಮಹಡಿಯಿಂದ ಮಾತ್ರ ನೋಡಿತ್ತು, ಅಷ್ಟೆತ್ತರದಿಂದ ಬಸ್ಸು ಬೆಂಕಿಪೊಟ್ಟಣದಷ್ಟು ಕಾಣುತ್ತದೆ.

"ಗೇಟ್ ಹಾಕಪ್ಪಾ, ಬೇಗ," ಅಂದ ಟೈಲರ್.

"ಹೆಂಗೆ ಹಾಕ್ಲಿ ಸಾರ್? ಲಾರಿ ಮಧ್ಯ ನಿಂತಿದೆಯಲ್ಲ." ವಾಚ್‌ಮನ್ ಕೋಳಿ ಹಿಡಿಯುವವನ ಹಾಗೆ ಎರಡೂ ಕೈ ಅಗಲಿಸಿ ಬಗ್ಗಿದ. ಟೈಲರೂ ಇನ್ನೊಂದು ಕಡೆಯಿಂದ ಹೆಜ್ಜೆ ಎತ್ತಿದ.

"ಇಬ್ಬರೂ ಇದ್ದಲ್ಲೇ ನಿಲ್ಲಿ," ಅಂದಳು ಅಕ್ಕ. "ಅಟ್ಟಿಸಿಕೊಂಡು ಹೋದ್ರೆ ಅವನು ರಸ್ತೆಗೇ ಓಡೋದು. ಡ್ರೈವರಿಗೆ ಹೇಳಿ, ಎಂಜಿನ್ ಆಫ್ ಮಾಡಲಿ."

ಎಂಜಿನ್ ನಿಂತಿತು. ಅಕ್ಕ ಗೋಡೆ ಹಿಡಿದುಕೊಂಡು ನೆಲಕ್ಕೆ ಕೂತಳು. ಅವಳು ಮಂಡಿ ಮಡಚಿ ನೆಲಕ್ಕೆ ಕೂತು ಎಷ್ಟು ಕಾಲವಾಗಿತ್ತೋ. ಬೆಲ್ಟನ್ನು ಎರಡೂ ಕೈಯಲ್ಲಿ ಬಳೆಯಂತೆ ದುಂಡಗೆ ಹಿಡಿದು, ಮಗುವಿಗೆ ಅಂಗಿ ತೊಡಿಸುವವಳ ಹಾಗೆ ಸುಮ್ಮನೆ ಕಾದಳು. ಕರೆಯಲೂ ಇಲ್ಲ.

ಮನೆಯಲ್ಲಿ ಇದೇ ನಡೆದಿತ್ತು, ದಿನಾ. ಮೊದಲು ಬೆಲ್ಟನ್ನು ಮೂಸಿದರೆ ಒಣಮೀನಿನ ಒಂದು ಚೂರು, ಆಮೇಲೆ ತಲೆ ತೂರಿಸಿದರೆ ಒಂದು ಚೂರು, ಅದನ್ನು ಹಾಕಿಕೊಂಡು ಸೋಫಾ ಸುತ್ತಿ ಬಂದರೆ ಇನ್ನೊಂದು. ಮೊದಮೊದಲು ಗುಂಡ ಬೆಲ್ಟು ಬಿಗಿದ ಕೂಡಲೇ ಕುಡಿದವನಂತೆ ಪಕ್ಕಕ್ಕೆ ಬಿದ್ದುಬಿಡುತ್ತಿತ್ತು. ತಮ್ಮ ಬಂದಾಗಲೆಲ್ಲ ನಗುತ್ತಿದ್ದ, "ಡಿಗ್ರಿ ಕೊಡಿಸ್ತೀಯೇನಕ್ಕಾ ಅವನಿಗೆ?" ಎಂದು. ಅವಳು ತಲೆಕೆಡಿಸಿಕೊಂಡಿರಲಿಲ್ಲ. ಹೊರಗೆ ಹೋಗುವುದು ಅವನ ಖುಷಿಗೆ, ವಾಪಸ್ ಬರುವುದನ್ನು ಕಲಿಸುವುದು ತನ್ನ ಕೆಲಸ ಅಂದುಕೊಂಡಿದ್ದಳು, ಅದನ್ನೇ ಮಾಡುತ್ತಿದ್ದಳು.

ಬಾಲ್ಕನಿಗಳಲ್ಲಿ ಜನ ಸೇರಿದರು. ರಸ್ತೆಯಲ್ಲಿ ಒಂದು ಬಸ್ಸು ಹೋಯಿತು, ಗುಂಡನ ಕಿವಿ ಅದರ ಹಿಂದೆಯೇ ಹೋಯಿತು. ಇವತ್ತು ಈ ಬೆಕ್ಕಿಗೆ ಏನಾದರೂ ಆದರೆ ಅಕ್ಕನಿಗೆ ಮುಖ ತೋರಿಸುವುದು ಹೇಗೆ ಅಂದುಕೊಂಡ ಟೈಲರ್.

ಗುಂಡ ಎದ್ದಿತು. ರಸ್ತೆ ನೋಡಿತು. ಆಮೇಲೆ ತಿರುಗಿ, ತನಗೇನೂ ಅವಸರವಿಲ್ಲ ಅನ್ನುವ ಹಾಗೆ ಬಾಲ ನೆಟ್ಟಗೆ ಎತ್ತಿಕೊಂಡು, ಎಲ್ಲರೂ ನೋಡುತ್ತಿರುವಾಗ ಅಂಗಳದ ನಟ್ಟನಡುವೆ ನಡೆದು ಬಂತು. ಬಂದು, ತಾನಾಗಿಯೇ ಬೆಲ್ಟಿನೊಳಗೆ ತಲೆ ತೂರಿಸಿತು.

ಅಕ್ಕ ನಿಧಾನವಾಗಿ ಪಟ್ಟಿ ಹಾಕಿದಳು. ಹೆಚ್ಚಾಗಿದ್ದ ಎರಡು ಬೆರಳಷ್ಟು ಪಟ್ಟಿಯನ್ನು ಮಡಚಿ ಗಟ್ಟಿ ಗಂಟು ಬಿಗಿದಳು, ಬೆಕ್ಕನ್ನು ಎದೆಗೆ ಒತ್ತಿಕೊಂಡಳು. ಮೇಲಿಂದ ಯಾರೋ ಚಪ್ಪಾಳೆ ತಟ್ಟಿದರು.

"ಏನಮ್ಮಾ, ಮಂತ್ರಗಿಂತ್ರ ಹಾಕಿದ್ರಾ?" ಅಂದ ವಾಚ್‌ಮನ್.

"ಮಂತ್ರ ಎಲ್ಲಿಂದ ಬರಬೇಕಪ್ಪಾ," ಟೈಲರ್ ಎಲ್ಲ ಬಾಲ್ಕನಿಗಳಿಗೂ ಕೇಳುವಷ್ಟು ಜೋರಾಗಿ ಹೇಳಿದ. "ಅಳತೆ ತಪ್ಪಿದ್ದು ನಾನು. ಕರ್ಕೊಂಡು ಬಂದಿದ್ದು ನಮ್ಮಕ್ಕ." ಅಷ್ಟು ಹೇಳುವಷ್ಟರಲ್ಲಿ ಅವನ ಎದೆ ಒಂದು ಸೈಜು ದೊಡ್ಡದಾಗಿತ್ತು. ತಾನು ಹೊಲಿದದ್ದನ್ನು ಹೊಗಳಿಕೊಳ್ಳುವಾಗಲೂ ಅವನಿಗೆ ಇಷ್ಟು ಹೆಮ್ಮೆ ಆಗಿರಲಿಲ್ಲ.

ಗುಂಡ ಅಕ್ಕನ ಬಲಗೈ ಮೂಸಿತು. ಏನೂ ಇರಲಿಲ್ಲ. ಎಡಗೈ ಮೂಸಿತು. ಆಮೇಲೆ ತಲೆಯೆತ್ತಿ ಅವಳ ಮುಖವನ್ನೇ ನೋಡುತ್ತಾ ಕೂತಿತು.

"ಆಯ್ತಲ್ಲಕ್ಕಾ, ಏಳು, ಮನೆಗೆ ಹೋಗೋಣ," ಅಂದ ತಮ್ಮ, ಕೈ ಚಾಚಿ.

"ನಾನು ಇಲ್ಲೇ ಇರ್ತೀನಿ. ನೀನು ಓಡು, ಮೇಲೆ ಹೋಗಿ ಒಣಮೀನಿನ ಡಬ್ಬ ತಗೊಂಡು ಬಾ," ಅಂದಳು ಅಕ್ಕ. "ಇವತ್ತಿನವರೆಗೆ ನಾನು ಅವನಿಗೆ ಸುಳ್ಳು ಹೇಳಿಲ್ಲ."