ಒಗೆಯದ ಜೆರ್ಸಿ

ಮೊಮ್ಮಗಳನ್ನು ಹೈಸ್ಕೂಲಿನ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಸೇರಿಸಲು ಬಂದ ಮುದುಕನನ್ನು ಕಂಡ ಕೂಡಲೇ ಕೋಚ್ ಮಿಸ್ಸಿಗೆ ಗುರುತು ಹತ್ತಿತು. ಇಪ್ಪತ್ತೆರಡು ವರ್ಷಗಳ ಹಿಂದೆ ಅವಳನ್ನು ಇಡೀ ಸೀಸನ್ ಬೆಂಚಿನ ಮೇಲೆ ಕೂರಿಸಿದ್ದ ಕೋಚ್ ಇವನೇ. “ನಿನ್ನ ಜೆರ್ಸಿ ಒಗೆಯೋ ಕಷ್ಟಾನೇ ಇಲ್ಲ ಬಿಡಮ್ಮ, ಬೆವರೇ ಆಗಲ್ಲ” ಎಂದು ಎಲ್ಲರೆದುರು ನಕ್ಕಿದ್ದ. ಈಗ ಅವಳನ್ನು ಗುರುತಿಸಿದಂತೆ ಕಾಣಲಿಲ್ಲ.

ಸಿಕ್ಕಿಬಿದ್ದೆಯಲ್ಲ ಮುದುಕಾ, ಎಂದುಕೊಂಡಳು.

ಹುಡುಗಿ ಚೆನ್ನಾಗಿ ಆಡುತ್ತಿದ್ದಳು. ಒಳ್ಳೆಯದೇ ಆಯಿತು, ಮುದುಕನ ಹೊಟ್ಟೆ ಇನ್ನಷ್ಟು ಉರಿಯಲಿ. ಹನ್ನೆರಡನೇ ನಂಬರಿನ ಜೆರ್ಸಿ ಕೊಟ್ಟು ಬೆಂಚಿನ ತುದಿಯಲ್ಲಿ ಕೂರಿಸಿದಳು. ಪ್ರತಿ ಮ್ಯಾಚಿಗೂ ಮುದುಕ ಬಿಸಿಲಿಗೆ ಕೊಡೆ ಹಿಡಿದು ಬಂದು ಎದುರಿನ ಕಟ್ಟೆಯ ಮೇಲೆ ಕೂರುತ್ತಿದ್ದ.

“ಮಿಸ್, ಇವತ್ತಾದ್ರೂ ಇಳಿಸ್ತೀರಾ?” ಎಂದು ಹುಡುಗಿ ಕೇಳುತ್ತಿದ್ದಳು.

“ಮುಂದಿನ ಮ್ಯಾಚಿಗೆ ನೋಡೋಣ.”

ಗೆಲ್ಲಬೇಕಿದ್ದ ಎರಡು ಲೀಗ್ ಮ್ಯಾಚು ಸೋತರೂ ಇಳಿಸಲಿಲ್ಲ. ಫೈನಲ್ ಒಂದೇ ಪಾಯಿಂಟಿನಿಂದ ಕೈತಪ್ಪಿತು. ಹುಡುಗಿ ಬೆಂಚಿನ ಮೇಲೇ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು.

ಮುದುಕ ಕೊಡೆ ಮಡಚಿಕೊಂಡು ಎದ್ದು ಬಂದ. ಮಿಸ್ ಕಾದಿದ್ದು ಇದೇ ಗಳಿಗೆಗೆ.

“ಮೊಮ್ಮಗಳ ಜೆರ್ಸಿ ಒಗೆಯೋ ಕಷ್ಟಾನೇ ಇಲ್ಲ ಬಿಡಿ ಸರ್, ಬೆವರೇ ಆಗಿಲ್ಲ” ಎಂದಳು. “ಈಗ ಗೊತ್ತಾಯ್ತಾ ನಾನು ಯಾರು ಅಂತ?”

“ಮೊದಲೇ ಗೊತ್ತಿತ್ತಮ್ಮ” ಎಂದ ಮುದುಕ. “ಬೆಂಚಿನ ಸಂಕಟ ಉಂಡೋಳು, ಯಾವ ಮಗೂನೂ ಹಾಗೆ ಕೂರಿಸಲ್ಲ ಅಂತ ನಂಬಿ, ಮನೆ ಪಕ್ಕದ ಸ್ಕೂಲು ಬಿಡಿಸಿ ನಿನ್ನ ಹತ್ರಾನೇ ಕರ್ಕೊಂಡು ಬಂದೆ.”